ನೀಲಿ ಲೈಟ್ ಒಂದನ್ನೇ ನಂಬಬ್ಯಾಡ್ರಿ, ಐನೂರರ ನೋಟು ಓರೆ ಮಾಡಿ ನೋಡ್ರಿ

ಚೀಕಲಪರ್ವಿ (ಮಾನ್ವಿ ತಾಲ್ಲೂಕು): ಕಾರ್ತಿಕ ಶುದ್ಧ ದಶಮಿ, ವಿಜಯದಾಸರ ಆರಾಧನೆ ಬಂತಂದ್ರ ತುಂಗಭದ್ರಾ ದಂಡೆಯ ಈ ಊರಿಗೆ ಹೊರಗಿನ ಮಂದಿ ಬರ್ತಾರೆ. ಕಾಯಿ, ಹೂವು, ಚಹಾ, ಒಗ್ಗರಣೆ-ಮಿರ್ಚಿ ಎಲ್ಲದಕ್ಕೂ ಗಿರಾಕಿ. ಬಂದವರ ಕೈಯಾಗ ಐನೂರರ ನೋಟು. ಇಪ್ಪತ್ತು ರೂಪಾಯಿ ಚಹಾ ಕುಡಿದು ಐನೂರು ಚಾಚಿದರೆ ಅಂಗಡಿಯವ 480 ರೂಪಾಯಿ ಎಣಿಸಿ ವಾಪಸ್ ಕೊಡಬೇಕು. ಆ ನೋಟು ಖೊಟ್ಟಿ ಇದ್ದರೆ ಚಹಾನೂ ಹೋಯ್ತು, 480ನೂ ಹೋಯ್ತು. ಒಂದು ಕಪ್ಪಿಗೆ ಮೂರು ರೂಪಾಯಿ ಉಳಿಯುತ್ತದೆ ಅಂತ ಹಿಡಿದರೂ ಆ 480 ತುಂಬಿಕೊಳ್ಳಲು 160 ಕಪ್ ಮಾರಬೇಕು.

ಜಾತ್ರೆ, ಆರಾಧನೆ ವರ್ಷಕ್ಕೊಮ್ಮೆ. ಆದರೆ ಹತ್ತಿ ಬಿಡಿಸುವ ಕಾಲ, ಭತ್ತದ ನಾಟಿ, ಕೊಯ್ಲು, ಮೆಣಸಿನಕಾಯಿ ಮಾರಾಟ ಇವೆಲ್ಲ ತಿಂಗಳುಗಟ್ಟಲೆ ನಡೆಯುವಂಥವು. ಫೋನ್‌ಪೇ ಸೌಂಡ್ ಬಾಕ್ಸ್ ಸಂದಿ ಸಂದಿಗೆ ಬಂದಿದ್ದರೂ ಕೂಲಿ ಇವತ್ತಿಗೂ ಕೈಗೆ ರೊಕ್ಕ. ಐದಾರು ಮಂದಿಯ ಗುಂಪಿಗೆ ಒಂದೇ ಸಲ ಕೊಡುವಾಗ ಐನೂರರ ನೋಟೇ ಬರುತ್ತದೆ. ದೇಶದಲ್ಲಿ ಚಲಾವಣೆಯಲ್ಲಿರುವ ನೋಟುಗಳ ಒಟ್ಟು ಮೌಲ್ಯದಲ್ಲಿ ಶೇ 86ರಷ್ಟು ಈಗ ಐನೂರರದೇ. ಖೋಟಾ ಮಾಡುವವನ ಕಣ್ಣು ಅದರ ಮೇಲೆ ಬೀಳದೆ ಇನ್ನೆಲ್ಲಿ ಬೀಳುತ್ತದೆ?

ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿ ನೋಡಿದರೆ ಅದು ಗೊತ್ತಾಗುತ್ತದೆ. 2023-24ರಲ್ಲಿ ಹೊಸ ಮಾದರಿಯ ಐನೂರರ ಖೋಟಾ ನೋಟು ಸಿಕ್ಕಿದ್ದು 85,711. 2024-25ರಲ್ಲಿ 1,17,722. ಒಂದೇ ವರ್ಷದಲ್ಲಿ ಶೇ 37ರಷ್ಟು ಏರಿಕೆ. ಇದು ಬ್ಯಾಂಕುಗಳ ಒಳಗೆ ಸಿಕ್ಕ ಲೆಕ್ಕ ಮಾತ್ರ, ಪೊಲೀಸರು ಹಿಡಿದದ್ದು ಇದರಲ್ಲಿ ಸೇರಿಲ್ಲ. ಬ್ಯಾಂಕಿನವರೆಗೆ ಹೋಗದೆ ಸಂತೆಯಿಂದ ಸಂತೆಗೆ ದಾಟುವ ನೋಟು ಯಾವ ಲೆಕ್ಕಕ್ಕೂ ಬರೋದಿಲ್ಲ.

ಹಂಗಾಗಿಯೇ ಈಗ ಮಾನ್ವಿ, ರಾಯಚೂರಿನ ದೊಡ್ಡ ಅಂಗಡಿಗಳಲ್ಲಿ ನೋಟು ಎಣಿಸುವ ಮಷಿನ್, ಸಣ್ಣ ಅಂಗಡಿಗಳಲ್ಲಿ ನೀಲಿ ಲೈಟಿನ ಟಾರ್ಚ್. ಟಾರ್ಚ್ ಹಿಡಿದು ನೋಡಿ ಏನೋ ಹೊಳೆದರೆ "ನಡೀತದ ತಗೋ" ಅಂತ ಗಲ್ಲಾಕ್ಕೆ ಹಾಕೋದು. ಈ ಲೇಖನ ಬರೆಯಲು ಕಾರಣವೇ ಆ ಟಾರ್ಚ್. ಅದು ತೋರಿಸುವುದು ಅರ್ಧ ಸತ್ಯ. ಇನ್ನರ್ಧ ನೋಟಿನ ಮೇಲೆಯೇ ಅಚ್ಚಾಗಿದೆ, ಅದನ್ನು ನೋಡಲು ಒಂದು ಪೈಸೆ ಖರ್ಚಿಲ್ಲ.

ಟಾರ್ಚ್ ಏನು ತೋರಿಸುತ್ತದೆ, ಏನು ತೋರಿಸೋದಿಲ್ಲ

ಈ ಟಾರ್ಚಿನಿಂದ ಬರುವುದು ಅತಿನೇರಳೆ ಬೆಳಕು, ಕಣ್ಣಿಗೆ ಕಾಣದ್ದು. ನಮಗೆ ಕಾಣುವ ನೀಲಿ-ನೇರಳೆ ಬಣ್ಣ ಅದರ ಜೊತೆ ಸೋರಿದ್ದು ಅಷ್ಟೆ. ಕೆಲವು ಪದಾರ್ಥಗಳು ಈ ಕಾಣದ ಬೆಳಕನ್ನು ನುಂಗಿ ಕಾಣುವ ಬೆಳಕಾಗಿ ವಾಪಸ್ ಕೊಡುತ್ತವೆ. ಟಾರ್ಚ್ ಆರಿಸಿದ ಕೂಡಲೇ ಅದೂ ಆರುತ್ತದೆ. ಅಂಥ ಪದಾರ್ಥದ ಪುಡಿಯನ್ನು ಅಂಟಿನಂಥ ದ್ರವದಲ್ಲಿ ಕಲಸಿ ಮಾಡಿದ್ದೇ ಫ್ಲೋರೊಸೆಂಟ್ ಶಾಯಿ. ಅಸಲಿ ನೋಟಿನ ನಂಬರ್ ಸಾಲಿಗೆ ಈ ಶಾಯಿ ಬಳಸುತ್ತಾರೆ. ಕಾಗದದ ಒಳಗೆ ಅಲ್ಲಲ್ಲಿ ಕೂದಲಿನಂಥ ಸಣ್ಣ ಎಳೆಗಳಿರುತ್ತವೆ, ಅವೂ ಬೆಳಗುತ್ತವೆ.

ಇಷ್ಟು ಬಹಳ ಮಂದಿಗೆ ಗೊತ್ತು. ಆದರೆ ಟಾರ್ಚ್ ಹಿಡಿದಾಗ ಮೊದಲು ನೋಡಬೇಕಾದ್ದು ಏನು ಹೊಳೆಯುತ್ತದೆ ಅನ್ನೋದನ್ನಲ್ಲ, ಏನು ಹೊಳೆಯೋದಿಲ್ಲ ಅನ್ನೋದನ್ನ. ಅಸಲಿ ನೋಟಿನ ಕಾಗದ ಹತ್ತಿಯಿಂದ ಮಾಡಿದ್ದು. ಅದಕ್ಕೆ ಹೊಳಪಿನ ರಾಸಾಯನಿಕ ಹಾಕಿರೋದಿಲ್ಲ, ಹಾಗಾಗಿ ನೀಲಿ ಲೈಟಿನಲ್ಲಿ ಕಾಗದ ಮಂಕಾಗಿ ಕಪ್ಪಗೆ ಕೂಡುತ್ತದೆ. ಝೆರಾಕ್ಸ್ ಅಂಗಡಿಯ ಬಿಳಿ ಹಾಳೆಗೆ ಇನ್ನೂ ಬೆಳ್ಳಗೆ ಕಾಣಲಿ ಅಂತ ಆ ರಾಸಾಯನಿಕ ಬೆರೆಸಿರುತ್ತಾರೆ. ಅದಕ್ಕೆ ಟಾರ್ಚ್ ಹಿಡಿದರೆ ಇಡೀ ಹಾಳೆ ಟ್ಯೂಬ್‌ಲೈಟಿನಂಗೆ ಬೆಳಗುತ್ತದೆ. ಹಾಳೆಯೇ ಬೆಳಗಿತೋ, ಅದು ನೋಟಿನ ಕಾಗದ ಅಲ್ಲ.

ನಾನು ಒಂದು ಟಾರ್ಚ್ ತಂದು ಮನೆಯಾಗ ಕತ್ತಲೆ ಮಾಡಿ ಏನೇನು ಹೊಳೆಯುತ್ತದೆ ಅಂತ ನೋಡಿದೆ. ನೋಟಿನ ನಂಬರ್ ಹೊಳೀತು, ಎಳೆಗಳು ಹೊಳೆದವು. ಬಿಳಿ ಅಂಗಿ ಹೊಳೀತು. ಬಟ್ಟೆ ಸೋಪಿನ ಪುಡಿಯಲ್ಲೂ ಅದೇ ಹೊಳಪಿನ ರಾಸಾಯನಿಕ ಇರುತ್ತದೆ, ಅದಕ್ಕೆ. ಅಡುಗೆಮನೆಯ ಅರಿಶಿನವೂ ಹಸಿರು-ಹಳದಿಯಾಗಿ ಹೊಳೀತು. ಈಗ ವಿಚಾರ ಮಾಡ್ರಿ: ಅಂಗಿ ಜೇಬಿನಾಗ ಮರೆತ ಅಸಲಿ ನೋಟು ಸೋಪಿನ ನೀರಿನಾಗ ನೆನೆದು ಒಣಗಿದರೆ ಅದರ ಕಾಗದವೂ ಹೊಳೆಯತೊಡಗುತ್ತದೆ. ದೀಪಾವಳಿಗೆ ಗಲ್ಲಾಪೂಜೆಯಲ್ಲಿ ಅರಿಶಿನ-ಕುಂಕುಮ ಹಚ್ಚಿದ ನೋಟಿನ ಮೇಲೆ ಕಲೆ ಕಲೆಯಾಗಿ ಬೆಳಕು ಕಾಣುತ್ತದೆ. ಟಾರ್ಚ್ ಒಂದನ್ನೇ ನಂಬಿದವ ಆ ಅಸಲಿ ನೋಟನ್ನು ಖೊಟ್ಟಿ ಅಂತ ವಾಪಸ್ ಕಳಿಸುತ್ತಾನೆ. ಕೂಲಿ ದುಡ್ಡು ತಂದ ಅಕ್ಕನ ಮುಖ ಆಗ ಹೆಂಗಾಗಬೇಕು?

ಇದರ ಉಲ್ಟಾ ಕಥೆ ಇನ್ನೂ ಕೆಟ್ಟದ್ದು. ಕತ್ತಲೆಯಾಗ ಹೊಳೆಯುವ ಶಾಯಿ ಗುಟ್ಟಿನ ವಸ್ತುವಲ್ಲ. ಅಂಗಡಿ ಬೋರ್ಡಿನ ಬಣ್ಣ, ಪುಸ್ತಕದಲ್ಲಿ ಗೆರೆ ಎಳೆಯುವ ಹೈಲೈಟರ್ ಪೆನ್ನು, ಮಕ್ಕಳ ಆಟಿಕೆ ಎಲ್ಲದರಾಗೂ ಇಂಥ ಬಣ್ಣ ಇದೆ. ಹೊಳಪಿಲ್ಲದ ಕಾಗದ ಹುಡುಕಿ, ನಂಬರಿನ ಮೇಲೆ ಹೊಳೆಯುವ ಶಾಯಿ ಹಚ್ಚಿದರೆ ಟಾರ್ಚಿನ ಪರೀಕ್ಷೆಯಲ್ಲಿ ಖೋಟಾ ನೋಟೂ ಪಾಸ್. ಟಾರ್ಚ್‌ಗಳಲ್ಲೂ ಭೇದ ಇದೆ. ಅಗ್ಗದವು ಬಹುತೇಕ 395 ನ್ಯಾನೋಮೀಟರಿನವು. ನೇರಳೆ ಬೆಳಕೇ ಜಾಸ್ತಿ ಚೆಲ್ಲಿ ನೋಟಿನ ಹೊಳಪನ್ನು ಮುಚ್ಚುತ್ತವೆ. 365 ಅಂತ ಬರೆದದ್ದು ಇದಕ್ಕಿಂತ ಚೊಲೋ. ಯಾವುದೇ ಇರಲಿ, ನಮ್ಮ ಕಡೆ ಬಿಸಿಲಿನಾಗ, ಅಂಗಡಿ ಕಟ್ಟೆ ಮೇಲೆ ಹಿಡಿದರೆ ಏನೂ ಕಾಣೋದಿಲ್ಲ. ಗಲ್ಲಾದ ಒಳಗಿನ ನೆರಳಿನಲ್ಲಿ ಹಿಡಿಯಬೇಕು. ಯಾರ ಕಣ್ಣಿಗೂ ನೇರ ಬಿಡಬಾರದು.

ಹಸಿರು ನೀಲಿ ಆಗಲೇಬೇಕು

ಐನೂರರ ನೋಟನ್ನು ಗಾಂಧಿ ಮುಖ ಕಾಣುವಂಗೆ ಹಿಡೀರಿ. ಬಲಗಡೆ ಕೆಳಗೆ ರೂಪಾಯಿ ಚಿಹ್ನೆ ಜೊತೆ 500 ಅಂತ ಇದೆ. ನೇರ ನೋಡಿದರೆ ಹಸಿರು. ನೋಟನ್ನು ಮೆಲ್ಲಗೆ ಹಿಂದೆ-ಮುಂದೆ ಓರೆ ಮಾಡ್ರಿ, ಹಸಿರು ನೀಲಿಯಾಗುತ್ತದೆ. ನಡುವೆ ಹಾದುಹೋಗುವ ಪಟ್ಟಿ ಇದೆಯಲ್ಲ, ಭಾರತ ಅಂತ ಹಿಂದಿಯಲ್ಲಿ, ಆರ್‌ಬಿಐ ಅಂತ ಇಂಗ್ಲಿಷಿನಲ್ಲಿ ಬರೆದದ್ದು, ಅದೂ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಎರಡೂ ತಿರುಗಬೇಕು.

ಇದು ಹೊಳೆಯುವ ಶಾಯಿಯಂಥದ್ದಲ್ಲ, ಬೇರೆಯೇ ಜಾತಿ. ಇದರಲ್ಲಿ ಹಸಿರು ಬಣ್ಣ ಅಂತ ಕಲಸಿದ್ದು ಇಲ್ಲ, ನೀಲಿನೂ ಇಲ್ಲ. ಮಳೆ ಬಂದ ಮೇಲೆ ಪೆಟ್ರೋಲ್ ಬಂಕಿನ ಮುಂದೆ ನಿಂತ ನೀರಿನಾಗ ಎಣ್ಣೆ ಹರಡಿ ಬಣ್ಣ ಬಣ್ಣ ಕಾಣುತ್ತದಲ್ಲ, ಅದೇ ಲೆಕ್ಕ. ಎಣ್ಣೆಗೆ ಆ ಬಣ್ಣ ಇಲ್ಲ, ನೀರಿಗೂ ಇಲ್ಲ. ಎಣ್ಣೆ ಪದರದ ಮೇಲ್ಭಾಗಕ್ಕೆ ತಾಗಿ ಬಂದ ಬೆಳಕು, ಕೆಳಭಾಗಕ್ಕೆ ತಾಗಿ ಬಂದ ಬೆಳಕು ಎರಡೂ ಕೂಡುತ್ತವೆ. ಕೆಲವು ಬಣ್ಣ ಗಟ್ಟಿಯಾಗುತ್ತವೆ, ಕೆಲವು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ನೀವು ನಿಂತ ಜಾಗ ಬದಲಾದರೆ ಬೆಳಕು ಪದರದೊಳಗೆ ಹಾಯುವ ಓರೆ ಬದಲಾಗಿ ಬಣ್ಣವೂ ಬದಲು. ನವಿಲುಗರಿ, ಸೋಪಿನ ಗುಳ್ಳೆ ಎಲ್ಲ ಇದೇ.

ಆ ಎಣ್ಣೆ ಪದರವನ್ನು ಗಟ್ಟಿ ಮಾಡಿ ಪುಡಿ ಮಾಡಿದರೆ ಹೆಂಗೋ ಹಂಗೆ ಈ ಶಾಯಿ. ಸಾಮಾನ್ಯವಾಗಿ ನಡುವೆ ಕನ್ನಡಿಯಂಥ ಅಲ್ಯೂಮಿನಿಯಂ, ಅದರ ಎರಡೂ ಕಡೆ ಗಾಜಿನಂಥ ಮೆಗ್ನೀಸಿಯಂ ಫ್ಲೋರೈಡ್, ಅದರ ಮೇಲೆ ಬೆಳಕು ಅರ್ಧ ದಾಟುವಷ್ಟು ತೆಳು ಕ್ರೋಮಿಯಂ. ಒಂದೊಂದು ಪದರದ ದಪ್ಪವನ್ನೂ ಅಳೆಯುವುದು ನ್ಯಾನೋಮೀಟರಿನಲ್ಲಿ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗದಲ್ಲಿ. ದಪ್ಪ ಸ್ವಲ್ಪ ಹೆಚ್ಚುಕಡಿಮೆಯಾದರೆ ಹಸಿರು ಹೋಗಿ ಬೇರೆ ಬಣ್ಣ ಬರುತ್ತದೆ. ಹಂಗೆ ಮಾಡಿದ ಹಾಳೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಚಕ್ಕೆ ಮಾಡಿ ಅಂಟಿನಲ್ಲಿ ಕಲಸುತ್ತಾರೆ. ಅಚ್ಚು ಹಾಕಿದಾಗ ಚಕ್ಕೆಗಳು ಮಲಗಿದಂತೆ ಕೂತರೇನೇ ಬಣ್ಣ ತಿರುಗುವುದು.

ಎಷ್ಟೇ ದುಬಾರಿ ಕಲರ್ ಝೆರಾಕ್ಸ್ ಇರಲಿ, ಸ್ಕ್ಯಾನರ್ ಇರಲಿ, ಅದು ನೋಟನ್ನು ನೋಡುವುದು ಒಂದೇ ಕಡೆಯಿಂದ. ಅದಕ್ಕೆ ಹಸಿರು ಕಂಡರೆ ಹಸಿರು ಅಚ್ಚು ಮಾಡುತ್ತದೆ, ಆ ಹಸಿರು ಹೆಂಗೆ ತಿರುಗಿಸಿದರೂ ಹಸಿರೇ. ಕೆಲವರು ಮಿರಿಮಿರಿ ಬಣ್ಣ, ಹಸಿರು ಫಾಯಿಲ್ ಪಟ್ಟಿ ಅಂಟಿಸುತ್ತಾರೆ. ಅದು ಮಿಂಚುತ್ತದೆ, ನೀಲಿ ಆಗೋದಿಲ್ಲ. ಮೋಸ ಹೋಗುವುದು ಇಲ್ಲೇ: ಅವಸರದಾಗ ಮಿಂಚಿದ್ದನ್ನೇ ಬಣ್ಣ ಬದಲಾದದ್ದು ಅಂತ ತಿಳಿಯುವುದು. ಮಿಂಚು ಬ್ಯಾರೆ, ಬಣ್ಣ ಬ್ಯಾರೆ.

ಭಾರತದ ನೋಟಿಗೆ ಈ ಬಣ್ಣ ತಿರುಗುವ ಶಾಯಿ ಬಂದದ್ದು 2000ದ ನವೆಂಬರ್‌ನಲ್ಲಿ, ಹಳೆ ಐನೂರು ಮತ್ತು ಸಾವಿರದ ನೋಟಿಗೆ. ಇಪ್ಪತ್ತೈದು ವರ್ಷ ಆಯ್ತು. ಆ ನೋಟುಗಳೇ 2016ರ ನವೆಂಬರ್ 8ರ ರಾತ್ರಿ ಬಂದ್ ಆದವು. ಅವತ್ತು ಬಂದ ಹೊಸ ನೋಟಿನೊಳಗೆ ಚಿಪ್ ಐತಿ, ಮಣ್ಣಾಗ ಹೂತರೂ ಸಿಗ್ನಲ್ ಕೊಡ್ತದ ಅಂತ ಟಿವಿಯವರು ತಾಸುಗಟ್ಟಲೆ ತೋರಿಸಿದರು. ಇಲ್ಲದ ಚಿಪ್ಪಿನ ಬಗ್ಗೆ ಊರೆಲ್ಲ ಮಾತಾಡಿತು, ಇರುವ ಶಾಯಿ ಬಗ್ಗೆ ಯಾರೂ ಹೇಳಲಿಲ್ಲ.

ಇನ್ನೊಂದು ಸಂಗತಿ, ಈ ಶಾಯಿ ದೂರದೇಶದ ಮಾಯೆ ಅಲ್ಲ. ಮೈಸೂರಿನಲ್ಲಿ ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ 1996ರಿಂದ ನಡೆಯುತ್ತಿದೆ. ಅದರ ಶಾಯಿ ಕಾರ್ಖಾನೆ 'ವರ್ಣಿಕಾ'ವನ್ನು 2022ರ ಮಾರ್ಚ್ 28ರಂದು ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಉದ್ಘಾಟಿಸಿದರು. ವರ್ಷಕ್ಕೆ 1,500 ಟನ್ ಶಾಯಿ ಮಾಡುವ ಸಾಮರ್ಥ್ಯ, ಬಣ್ಣ ತಿರುಗುವ ಶಾಯಿಯೂ ಅಲ್ಲೇ ತಯಾರು. ನಮ್ಮ ಬೆರಳಿಗೆ ಹಚ್ಚುವ ಎಲೆಕ್ಷನ್ ಶಾಯಿಯೂ ಮೈಸೂರಿನದೇ. 1937ರಲ್ಲಿ ಮಹಾರಾಜರ ಕಾಲಕ್ಕೆ ಶುರುವಾದ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಅದನ್ನು ಮಾಡಿಕೊಡುತ್ತಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ. 2024ರ ಮೇ 7ರಂದು ಲೋಕಸಭೆಗೆ ಓಟು ಹಾಕಿ ಹೊರಬಂದಾಗ ನೇರಳೆ ಇದ್ದದ್ದು ಬಿಸಿಲು ತಾಗಿ ಕಪ್ಪಾಗಿ ವಾರಗಟ್ಟಲೆ ಹೋಗಲಿಲ್ಲ, ನೆನಪಿರಬೇಕು. ಆ ಶಾಯಿ ಎಂಥದು ಅಂತ ಇಲ್ಲಿ ಸಣ್ಣ ಹುಡುಗರಿಗೂ ಗೊತ್ತು, ಯಾಕಂದ್ರ ಅದು ಬೆರಳಿಗೇ ಬರುತ್ತದೆ. ನೋಟಿನ ಶಾಯಿ ದಿನಾ ಬೆರಳಿನಾಗೇ ಇದ್ದರೂ ಗೊತ್ತಿಲ್ಲ.

ಯಾವ ನೋಟಿಗೆ ಏನು

ಇಲ್ಲಿ ಗೊಂದಲ ಆಗಬಾರದು. ಇನ್ನೂರರ ನೋಟಿನಲ್ಲೂ ಕೆಳಗಿನ ಅಂಕಿ, ನಡುವಿನ ಪಟ್ಟಿ ಎರಡೂ ಹಸಿರಿನಿಂದ ನೀಲಿಗೆ ತಿರುಗುತ್ತವೆ. ನೂರರ ಹೊಸ ನೋಟಿನಲ್ಲಿ ಪಟ್ಟಿ ಮಾತ್ರ ತಿರುಗುತ್ತದೆ, ಅಂಕಿ ತಿರುಗೋದಿಲ್ಲ. ನೂರರ ಅಂಕಿ ಬದಲಾಗಲಿಲ್ಲ ಅಂತ ಜಗಳ ಮಾಡಬ್ಯಾಡ್ರಿ. ಹತ್ತು, ಇಪ್ಪತ್ತು, ಐವತ್ತಕ್ಕೆ ಈ ಪರೀಕ್ಷೆಯೇ ಇಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಎರಡು ಸುಳ್ಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಸಿರು ಪಟ್ಟಿ ಗವರ್ನರ್ ಸಹಿ ಹತ್ತಿರ ಇರದೆ ಗಾಂಧಿ ಹತ್ತಿರ ಇದ್ದರೆ ಖೋಟಾ ಅನ್ನೋದು ಸುಳ್ಳು, ಎರಡೂ ನಡೆಯುತ್ತವೆ ಅಂತ ಕೇಂದ್ರ ಸರ್ಕಾರದ ಪಿಐಬಿ ಹೇಳಿದೆ. ನಂಬರಿನ ನಡುವೆ ಚುಕ್ಕಿ ಅಂದರೆ ಸ್ಟಾರ್ ಇದ್ದರೆ ಖೋಟಾ ಅನ್ನೋದೂ ಸುಳ್ಳು. ಅಚ್ಚಾಗುವಾಗ ಕೆಟ್ಟ ನೋಟಿನ ಬದಲಿಗೆ ಹಾಕಿದ ನೋಟಿಗೆ ಆ ಗುರುತು ಇರುತ್ತದೆ, ರಿಸರ್ವ್ ಬ್ಯಾಂಕ್ 2023ರ ಜುಲೈನಲ್ಲಿ ಇದನ್ನು ಸ್ಪಷ್ಟ ಮಾಡಿದೆ. ನಿಜವಾದ ಎಚ್ಚರಿಕೆ ಬಂದದ್ದು 2025ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯದಿಂದ. ಬಹಳ ನಾಜೂಕಾಗಿ ಮಾಡಿದ ಐನೂರರ ಖೋಟಾ ನೋಟು ಬಂದಿವೆ, ಅದರಲ್ಲಿ ಇಂಗ್ಲಿಷಿನ ರಿಸರ್ವ್ ಪದದ ನಡುವೆ 'ಇ' ಅಕ್ಷರದ ಜಾಗದಲ್ಲಿ 'ಎ' ಬಿದ್ದಿದೆ ಅಂತ. ಅಂಥ ತಪ್ಪು ಹಿಡಿಯಲು ಓದು ಬೇಕು, ಕಣ್ಣಡಕ ಬೇಕು, ಸಂತೆಯಾಗ ಬಿಡುವೂ ಬೇಕು. ಮುಂದಿನ ಸಲ ಅವರು ತಿದ್ದಿಕೊಂಡೂ ಬಿಡುತ್ತಾರೆ. ಬಣ್ಣ ತಿರುಗೋದನ್ನ ನೋಡಲು ಅಕ್ಷರ ಬರಬೇಕಿಲ್ಲ.

ಕಣ್ಣು ಸಾಲದ ಹಿರಿಯರಿಗೆ ಇನ್ನೊಂದು ದಾರಿ ಇದೆ. ಐನೂರರ ಎಡ-ಬಲ ಅಂಚಿನಲ್ಲಿ ಐದೈದು ಓರೆ ಗೆರೆ ಉಬ್ಬಿಕೊಂಡಿರುತ್ತವೆ, ಗಾಂಧಿ ಚಿತ್ರವೂ ಉಬ್ಬು. ಹೆಬ್ಬೆರಳಿನಿಂದ ತಿಕ್ಕಿದರೆ ಸಿಗುತ್ತವೆ. ಆದರೆ ಬಹಳ ಕೈ ದಾಟಿ ಸವೆದ ನೋಟಿನಲ್ಲಿ ಈ ಉಬ್ಬು ಕಡಿಮೆಯಾಗಿರುತ್ತದೆ. ರಿಸರ್ವ್ ಬ್ಯಾಂಕಿನ ಮಣಿ ಅನ್ನೋ ಮೊಬೈಲ್ ಆ್ಯಪ್ ಇದೆ, ಅದು ಕಣ್ಣು ಕಾಣದವರಿಗೆ ಇದು ಎಷ್ಟರ ನೋಟು ಅಂತ ಹೇಳಲು ಮಾಡಿದ್ದು. ಅಸಲಿಯೋ ನಕಲಿಯೋ ಹೇಳೋದಿಲ್ಲ.

ಸಿಕ್ಕಿಬಿದ್ದವನ ತಲೆಗೆ

ಬ್ಯಾಂಕಿಗೆ ಕಟ್ಟಲು ಹೋದಾಗ ಖೋಟಾ ಸಿಕ್ಕರೆ ನೋಟಿನ ಮೇಲೆ ಖೋಟಾ ಅಂತ ಸೀಲು ಹೊಡೆದು ಇಟ್ಟುಕೊಳ್ಳುತ್ತಾರೆ. ವಾಪಸ್ ಕೊಡುವಂತಿಲ್ಲ, ಖಾತೆಗೆ ಜಮಾ ಮಾಡುವಂತಿಲ್ಲ. ಅದಕ್ಕೆ ಪ್ರತಿಯಾಗಿ ಸ್ವೀಕೃತಿ ರಸೀದಿ ಕೊಡಬೇಕು, ಇದು ರಿಸರ್ವ್ ಬ್ಯಾಂಕಿನ ನಿಯಮ. ಒಂದೇ ವ್ಯವಹಾರದಲ್ಲಿ ನಾಲ್ಕರವರೆಗೆ ಸಿಕ್ಕರೆ ತಿಂಗಳ ವರದಿಯಲ್ಲಿ ಪೊಲೀಸರಿಗೆ ಹೋಗುತ್ತದೆ, ಐದು ಅಥವಾ ಹೆಚ್ಚು ಸಿಕ್ಕರೆ ನೇರ ಎಫ್‌ಐಆರ್.

ಅಂದರೆ ಐನೂರು ಹೋದದ್ದು ಹೋದಂಗೇ. ಮೊದಲು ಮಾಡಿದವನದಲ್ಲ, ನಡುವೆ ದಾಟಿಸಿದವನದೂ ಅಲ್ಲ, ಕೊನೆಗೆ ಪ್ರಾಮಾಣಿಕವಾಗಿ ಬ್ಯಾಂಕಿಗೆ ಒಯ್ದವನದು. ಈ ನಿಯಮ ತಪ್ಪು ಅಂತ ಹೇಳೋಕೆ ಬರೋದಿಲ್ಲ, ಖೋಟಾ ನೋಟಿಗೆ ದುಡ್ಡು ಕೊಟ್ಟರೆ ಮಾಡುವವನಿಗೇ ಹಬ್ಬ. ಆದರೆ ಇದರಿಂದ ಏನಾಗುತ್ತದೆ ಅನ್ನೋದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡೋದಿಲ್ಲ. ಗಲ್ಲಾದಾಗ ಅನುಮಾನದ ನೋಟು ಬಂದರೆ ಬ್ಯಾಂಕಿಗೆ ಒಯ್ಯೋದಿಲ್ಲ. ಕತ್ತಲಾದ ಮೇಲೆ, ಗದ್ದಲದಾಗ, ಕಡಿಮೆ ನೋಡುವವರ ಕೈಗೆ ಸಾಗಿಸುತ್ತಾರೆ. ದೊಡ್ಡ ಅಂಗಡಿಯಲ್ಲಿ ಮಷಿನ್ ಇದೆ, ಅಲ್ಲಿ ದಾಟೋದಿಲ್ಲ. ಬ್ಯಾಂಕುಗಳು ನೂರು ಮತ್ತು ಮೇಲಿನ ನೋಟನ್ನು ಮಷಿನ್‌ನಲ್ಲಿ ಪರೀಕ್ಷೆ ಮಾಡಿಯೇ ಕೌಂಟರಿಗೆ, ಎಟಿಎಂಗೆ ಬಿಡಬೇಕು ಅನ್ನೋ ನಿಯಮ ಇದೆ. ಉಳಿದದ್ದು ಯಾರು? ತರಕಾರಿ ಅಮ್ಮ, ಪಾನ್ ಡಬ್ಬಿಯವ, ಕೂಲಿ ಹೆಣ್ಣುಮಗಳು. ನೋಟು ಕೆಳಗೆ ಇಳಿದು ಇಳಿದು ಮಷಿನ್ ಇಲ್ಲದ ಕೈಯಲ್ಲಿ ನಿಲ್ಲುತ್ತದೆ.

ಹಿಂಗೆ ಸಾಗಿಸುವವರಿಗೆ ಕಾನೂನು ಏನು ಅನ್ನುತ್ತದೆ ನೋಡ್ರಿ. ಭಾರತೀಯ ನ್ಯಾಯ ಸಂಹಿತೆ 179ನೇ ಕಲಂ ಪ್ರಕಾರ ಖೋಟಾ ಅಂತ ಗೊತ್ತಿದ್ದೂ ಅಸಲಿಯಂತೆ ನಡೆಸಿದರೆ ಜೀವಾವಧಿ, ಇಲ್ಲವೇ ಹತ್ತು ವರ್ಷದವರೆಗೆ ಜೈಲು, ಜೊತೆಗೆ ದಂಡ. ನಡೆಸುವ ಉದ್ದೇಶದಿಂದ ಗೊತ್ತಿದ್ದೂ ಇಟ್ಟುಕೊಂಡರೆ 180ನೇ ಕಲಂ, ಏಳು ವರ್ಷದವರೆಗೆ. ನ್ಯಾಯವಾದ ಮೂಲದಿಂದ ಬಂತು ಅಂತ ತೋರಿಸಿದರೆ ಬಳಿ ಇದ್ದದ್ದು ಅಪರಾಧ ಆಗೋದಿಲ್ಲ ಅಂತ ಅದೇ ಕಲಂನಲ್ಲಿ ವಿವರಣೆ ಇದೆ. ಹಾಗಾಗಿ ಬ್ಯಾಂಕಿಗೆ ಒಂದು ಖೋಟಾ ನೋಟು ಒಯ್ದರೆ ಒಳಗೆ ಹಾಕ್ತಾರೆ ಅನ್ನೋ ಹೆದರಿಕೆ ಬೇಕಿಲ್ಲ. ಐನೂರು ಉಳಿಸಲು ಇನ್ನೊಬ್ಬರಿಗೆ ದಾಟಿಸಿದಾಗಲೇ ತೊಂದರೆ. ಬ್ಯಾಂಕಿನವರು ರಸೀದಿ ಕೊಡದಿದ್ದರೆ ಕೇಳಿ ತಗೋರಿ. ಆಗಲೂ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ 14448 ನಂಬರಿಗೆ ಫೋನ್ ಮಾಡಿ ದೂರು ಹೇಗೆ ಕೊಡಬೇಕು ಅಂತ ವಿಚಾರಿಸಬಹುದು.

ಇದನ್ನು ತಡೆಯುವ ಜಾಗ ಒಂದೇ, ನೋಟು ಕೈಗೆ ಬರುವ ಆ ಎರಡು ಸೆಕೆಂಡು. ಹಗಲಿನಾಗ ಓರೆ ಮಾಡಿ ಬಣ್ಣ ನೋಡೋದು, ರಾತ್ರಿ ಟಾರ್ಚ್ ಹಿಡಿದು ಕಾಗದ ಮಂಕಾಗಿದೆಯಾ ನೋಡೋದು. ಬಣ್ಣ ತಿರುಗಲು ಬೆಳಕು ಬೇಕು, ಟಾರ್ಚಿಗೆ ಕತ್ತಲೆ ಬೇಕು. ಒಂದು ನಡೆಯದ ಹೊತ್ತಿನಲ್ಲಿ ಇನ್ನೊಂದು ನಡೆಯುತ್ತದೆ.

ಹೊಲದ ಕೂಲಿಗೆ ಮಾತ್ರ ಎರಡೂ ಇಲ್ಲ. ಹೊತ್ತು ಮುಳುಗಿದ ಮೇಲೆ ಬದುವಿನ ಮೇಲೆ, ಟ್ರ್ಯಾಕ್ಟರ್ ಲೈಟಿನ ಮುಂದೆ, ಟಂಟಂ ಹತ್ತುವ ಅವಸರದಾಗ ರೊಕ್ಕ ಹಂಚುತ್ತಾರೆ. ಆ ಹಳದಿ ಲೈಟಿನಲ್ಲಿ ಹಸಿರೂ ಒಂದೇ, ನೀಲಿನೂ ಒಂದೇ. ಮರುದಿನ ಕಿರಾಣಿ ಅಂಗಡಿಯಲ್ಲಿ ಇದು ನಡೆಯೋದಿಲ್ಲ ಅಂದರೆ ಯಾರಿಗೆ ಕೇಳಬೇಕು? ಕೊಟ್ಟವರು ನಮ್ಮದಲ್ಲ ಅಂತಾರೆ. ಈ ಸಲ ಹತ್ತಿ ಬಿಡಿಸಲು ಆಳು ಕರೆಯುವ ರೈತರು, ಗುಂಪು ಕರೆತರುವ ಮೇಸ್ತ್ರಿಗಳು ಹೊತ್ತು ಇರುವಾಗಲೇ ಕೂಲಿ ಕೊಡಲಿ. ಎಣಿಸುವಾಗ ಪ್ರತಿ ನೋಟನ್ನೂ ಅವರ ಮುಂದೆಯೇ ಒಮ್ಮೆ ಓರೆ ಮಾಡಿ ಕೊಡಲಿ.